ಕೈನೇಯ್ಗೆಯ ರತ್ನಗಂಬಳಿ ಮತ್ತು ಜಮಖಾನ

ಮದುವೆಯ ಮನೆಯಲ್ಲಾಗಲಿ, ಸಂಗೀತ ಕಛೇರಿಯಲ್ಲಾಗಲಿ, ಜನ ಸೇರುವ ಮುನ್ನ ಮೊದಲು ಹಾಸುವುದು ಜಮಖಾನವನ್ನು. ನಿತ್ಯಪರಿಚಿತವಾದ ಕಾರಣದಿಂದಲೇ ಅದರ ನೇಯ್ಗೆಯ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ರತ್ನಗಂಬಳಿಯಾದರೋ ಬೆಲೆಬಾಳುವ ವಸ್ತುವೆಂದು ಎಲ್ಲರಿಗೂ ಗೊತ್ತು; ಆ ಬೆಲೆ ಎಲ್ಲಿಂದ ಬಂತೆಂಬುದು ತಿಳಿದಿರುವವರು ಕಡಿಮೆ. ಇಂದು ಅದೇ ಬಣ್ಣ, ಅದೇ ಹೂಬಳ್ಳಿಗಳುಳ್ಳ ಹಾಸುಗಳನ್ನು ಯಂತ್ರಗಳು ಅಲ್ಪಕಾಲದಲ್ಲಿ ತಯಾರಿಸುತ್ತವೆ. ಯಂತ್ರದ ಹಾಸನ್ನು ಕೈನೇಯ್ಗೆಯದೆಂದು ನಂಬಿ ಕೊಂಡರೆ ಗ್ರಾಹಕನಿಗೆ ಹಣ ನಷ್ಟ, ನೇಕಾರನಿಗೆ ಕೂಲಿ ನಷ್ಟ. ಇವೆರಡನ್ನೂ ತಪ್ಪಿಸಲು ನೇಯ್ಗೆಯ ಪರಿಚಯ ಅಗತ್ಯ.

ಎರಡು ಬಗೆಯ ನೇಯ್ಗೆ

ನೆಲಹಾಸುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಗಂಟು ಹಾಕಿ ನೇಯುವ ರತ್ನಗಂಬಳಿ. ಮಗ್ಗದ ಮೇಲೆ ಬಿಗಿದ ಹಾಸಿನ ಎಳೆಗಳಿಗೆ ಉಣ್ಣೆಯ ಅಥವಾ ರೇಷ್ಮೆಯ ನೂಲನ್ನು ಗಂಟು ಹಾಕಿ ಕತ್ತರಿಸಲಾಗುತ್ತದೆ. ಒಂದು ಸಾಲು ಮುಗಿದೊಡನೆ ಹೊಕ್ಕಿನ ಎಳೆಯನ್ನು ಹಾಯಿಸಿ ಬಾಚಣಿಗೆಯಂತಹ ಸಾಧನದಿಂದ ಬಡಿದು ಕೂರಿಸುತ್ತಾರೆ. ಕತ್ತರಿಸಿದ ನೂಲಿನ ತುದಿಗಳೇ ಮೇಲ್ಮೈಯ ಮೃದುವಾದ ಮೆತ್ತೆಯಾಗುತ್ತವೆ.

ಎರಡನೆಯದು ಗಂಟುಗಳಿಲ್ಲದ ಚಪ್ಪಟೆ ನೇಯ್ಗೆ. ತುರ್ಕಿ, ಇರಾನ್ ಮತ್ತು ಕಾಕಸಸ್ ಪ್ರದೇಶಗಳ ಕಿಲಿಂ, ಉತ್ತರ ಭಾರತದ ದರಿ, ಕನ್ನಡ ನಾಡಿನ ಜಮಖಾನ ಇವೆಲ್ಲ ಈ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಹೊಕ್ಕಿನ ಬಣ್ಣದ ಎಳೆಗಳು ಹಾಸನ್ನು ಪೂರ್ಣವಾಗಿ ಮುಚ್ಚಿ ತಾವೇ ಚಿತ್ತಾರವಾಗುತ್ತವೆ. ಕಿಲಿಮಿನಲ್ಲಿ ಎರಡು ಬಣ್ಣಗಳು ನೇರ ಗೆರೆಯಲ್ಲಿ ಸಂಧಿಸಿದಾಗ ಪ್ರತಿಯೊಂದು ಎಳೆಯೂ ತನ್ನ ಗಡಿಯಿಂದ ಹಿಂದಿರುಗುವುದರಿಂದ ನಡುವೆ ಸೀಳು ಉಳಿಯುತ್ತದೆ. ಸೀಳು ಉದ್ದವಾದರೆ ಹಾಸು ದುರ್ಬಲವಾಗುತ್ತದೆ. ಆದ್ದರಿಂದ ನೇಕಾರರು ಗೆರೆಗಳನ್ನು ಮೆಟ್ಟಿಲಿನಂತೆ ಓರೆಯಾಗಿ ಸಾಗಿಸುತ್ತಾರೆ. ಕಿಲಿಮಿನ ತ್ರಿಕೋನ, ವಜ್ರಾಕೃತಿಗಳು ಹೀಗೆ ಅಲಂಕಾರದ ಬಯಕೆಯಿಂದ ಮಾತ್ರವಲ್ಲ, ನೇಯ್ಗೆಯ ಅವಶ್ಯಕತೆಯಿಂದಲೂ ಹುಟ್ಟಿದವು.

ಗಂಟುಗಳ ಲೆಕ್ಕ

ಗಂಟಿನ ನೇಯ್ಗೆ ಅತಿ ಪುರಾತನವಾದುದು. 1949ರಲ್ಲಿ ಸೈಬೀರಿಯಾದ ಅಲ್ತಾಯ್ ಪರ್ವತ ಪ್ರದೇಶದ ಪಜಿರಿಕ್ ಎಂಬಲ್ಲಿ, ಹಿಮಗಟ್ಟಿದ ಸಮಾಧಿಯಲ್ಲಿ ದೊರೆತ ರತ್ನಗಂಬಳಿ ಎರಡು ಸಾವಿರ ವರ್ಷಗಳಿಗೂ ಹಿಂದಿನದು. ಭಾರತದಲ್ಲಿ ಈ ಕಲೆಗೆ ಮೊಗಲ್ ಚಕ್ರವರ್ತಿ ಅಕ್ಬರನ ಕಾಲದಲ್ಲಿ ವಿಶೇಷ ಪ್ರೋತ್ಸಾಹ ದೊರೆಯಿತು. ಆಗ್ರಾ, ಫತೇಪುರ್ ಸಿಕ್ರಿ ಮತ್ತು ಲಾಹೋರ್‌ಗಳಲ್ಲಿ ನೇಯ್ಗೆಯ ಕಾರ್ಯಾಗಾರಗಳಿದ್ದವು.

ಕಾಶ್ಮೀರದಲ್ಲಿ ವಿನ್ಯಾಸವನ್ನು 'ತಾಲೀಮ್' ಎಂಬ ಸಂಕೇತಲಿಪಿಯಲ್ಲಿ ಬರೆದಿಡುವ ಪದ್ಧತಿಯಿದೆ. ಯಾವ ಬಣ್ಣದ ಎಷ್ಟು ಗಂಟುಗಳು ಎಂಬುದನ್ನು ಒಬ್ಬರು ಗಟ್ಟಿಯಾಗಿ ಓದುತ್ತಿದ್ದಂತೆ ಮಗ್ಗದ ಮುಂದೆ ಕುಳಿತವರು ಅದರಂತೆ ಗಂಟು ಹಾಕುತ್ತ ಹೋಗುತ್ತಾರೆ.

ಈ ಶ್ರಮದ ಪ್ರಮಾಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂಬತ್ತು ಅಡಿ ಉದ್ದ, ಆರು ಅಡಿ ಅಗಲದ ರತ್ನಗಂಬಳಿಯಲ್ಲಿ ಚದರ ಅಂಗುಲಕ್ಕೆ 200 ಗಂಟುಗಳಿದ್ದರೆ ಒಟ್ಟು ಗಂಟುಗಳ ಸಂಖ್ಯೆ 15,55,200. ನೇಕಾರನೊಬ್ಬ ದಿನಕ್ಕೆ 6,000 ಗಂಟುಗಳನ್ನು ಹಾಕಿದರೂ ಕೆಲಸ ಮುಗಿಯಲು ಸುಮಾರು 260 ದಿನಗಳು ಬೇಕು. ರತ್ನಗಂಬಳಿಯ ಬೆಲೆಯ ದೊಡ್ಡ ಪಾಲು ಈ ದಿನಗಳ ಬೆಲೆಯೇ ಆಗಿದೆ.

ದೇಶದ ನೇಯ್ಗೆಯ ನೆಲೆಗಳು

1851ರ ಲಂಡನ್ ಮಹಾಪ್ರದರ್ಶನದ ಅನಂತರ ಭಾರತದ ರತ್ನಗಂಬಳಿಗಳಿಗೆ ವಿದೇಶಗಳಲ್ಲಿ ಬೇಡಿಕೆ ಹೆಚ್ಚಿತು. ಆಗ್ರಾ, ಪುಣೆಯ ಯರವಡಾ ಮೊದಲಾದ ಕಾರಾಗೃಹಗಳಲ್ಲಿಯೂ ಮಗ್ಗಗಳು ತಲೆಯೆತ್ತಿದವು. ಆಗ್ರಾ ಕಾರಾಗೃಹದ ಬಂದಿಗಳು ವಿಕ್ಟೋರಿಯಾ ರಾಣಿಗಾಗಿ ನೇಯ್ದ ಬೃಹತ್ ರತ್ನಗಂಬಳಿ ಇಂಗ್ಲೆಂಡಿನ ವಿಂಡ್ಸರ್ ಅರಮನೆ ಸೇರಿತು. ಇಂದು ಉತ್ತರ ಪ್ರದೇಶದ ಭದೋಹಿ-ಮಿರ್ಜಾಪುರ ಪ್ರದೇಶ ಈ ಉದ್ಯಮದ ಪ್ರಮುಖ ಕೇಂದ್ರ. ಕಾಶ್ಮೀರ, ಜೈಪುರ, ಆಗ್ರಾ, ಆಂಧ್ರದ ಏಲೂರು ಇತರ ನೆಲೆಗಳು.

ಚಪ್ಪಟೆ ನೇಯ್ಗೆಯಲ್ಲಿ ತಮಿಳುನಾಡಿನ ಭವಾನಿಯ ದಪ್ಪ ಬಣ್ಣದ ಪಟ್ಟೆಗಳ ಜಮಕ್ಕಾಳಂ, ತೆಲಂಗಾಣದ ವಾರಂಗಲ್ಲಿನ ದರಿ ಹೆಸರಾದವು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವೂ ಇದೇ ಸಾಲಿನದು. ಆದಿಲಶಾಹಿಗಳ ವಿಜಾಪುರದಿಂದ ಬಂದ ನೇಕಾರ ಕುಟುಂಬಗಳು ಇಲ್ಲಿ ನೆಲೆಸಿದವೆಂದು ಪ್ರತೀತಿ. ಇಲ್ಲಿ ಮಗ್ಗದ ಮುಂದೆ ಕೂರುವವರು ಮಹಿಳೆಯರು. ನಿಲುವು ಮಗ್ಗದಲ್ಲಿ ಹತ್ತಿಯ ನೂಲಿನಿಂದ ನವಿಲು, ಪಗಡೆಯ ಹಾಸು ಮೊದಲಾದ ಚಿತ್ತಾರಗಳನ್ನು ಮೂಡಿಸುತ್ತಾರೆ. ನೆಲಕ್ಕೆ ಹಾಸುವ ಜಮಖಾನ, ನಮಾಜಿನ ಜಾನಮಾಜ್, ದನಗಳ ಬೆನ್ನಿಗೆ ಹೊದಿಸುವ ಗುದ್ದರ್ ಎಂಬ ಮೂರು ಬಗೆಗಳು ಇಲ್ಲಿಯ ಸಂಪ್ರದಾಯ. ಭೌಗೋಳಿಕ ಸೂಚಿಯ ಮಾನ್ಯತೆ ಈ ಜಮಖಾನಕ್ಕೆ ದೊರೆತಿದೆ. ಆದರೆ ನೇಯುವ ಕೈಗಳು ಈಗ ಕೆಲವೇ ಉಳಿದಿವೆ. ಹೆಸರಿಗೆ ರಕ್ಷಣೆ ದೊರೆತರೆ ಸಾಲದು, ಮಗ್ಗದ ಕೆಲಸದಿಂದ ಸಂಸಾರ ಸಾಗಬೇಕು.

ಹಳೆಯ ಮತ್ತು ಹೊಸ ವಿನ್ಯಾಸ

ಸಾಂಪ್ರದಾಯಿಕ ರತ್ನಗಂಬಳಿಯಲ್ಲಿ ನಡುವಣ ಪದಕ, ಹೂದೋಟ, ಕಮಾನು, ಮಾವಿನಕಾಯಿ ಚಿತ್ತಾರಗಳು ಪ್ರಧಾನ. ಚಿಕ್ಕ ಕೋಣೆಗಳ ಇಂದಿನ ಮನೆಗಳಿಗೆ ತಿಳಿಬಣ್ಣ, ಸರಳ ರೇಖೆ ಮತ್ತು ಅಮೂರ್ತ ಆಕೃತಿಗಳ ಹಾಸುಗಳು ಬಂದಿವೆ. ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದ ನಕ್ಷೆಯನ್ನು ಈಗ ಕಂಪ್ಯೂಟರಿನಲ್ಲಿಯೂ ಸಿದ್ಧಪಡಿಸುತ್ತಾರೆ. ವಿನ್ಯಾಸ ಹೊಸದಾದರೂ ಗಂಟು ಹಾಕುವುದು ಬೆರಳುಗಳೇ.

ಆ ಬೆರಳುಗಳು ಮಕ್ಕಳದಾಗಬಾರದು. ರತ್ನಗಂಬಳಿ ನೇಯ್ಗೆಯಲ್ಲಿ ಮಕ್ಕಳನ್ನು ದುಡಿಸಿಕೊಳ್ಳುವುದನ್ನು 1986ರ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿತು. 1994ರಲ್ಲಿ ಬಾಲಕಾರ್ಮಿಕರನ್ನು ಬಳಸದೆ ತಯಾರಾದ ಹಾಸುಗಳಿಗೆ 'ರಗ್‌ಮಾರ್ಕ್' ಗುರುತು ಆರಂಭವಾಯಿತು. ಅದು ಮುಂದೆ 'ಗುಡ್‌ವೀವ್' ಎಂಬ ಹೆಸರು ಪಡೆಯಿತು.

ಕೊಳ್ಳುವಾಗ ಗಮನಿಸಬೇಕಾದುದು

ರತ್ನಗಂಬಳಿಯನ್ನು ಕೊಳ್ಳುವ ಮುನ್ನ ಮಗುಚಿ ಹಿಂಬದಿಯನ್ನು ನೋಡಬೇಕು. ಗಂಟಿನ ನೇಯ್ಗೆಯದಾದರೆ ಚಿತ್ತಾರ ಅಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಒಂದೊಂದು ಗಂಟನ್ನೂ ಗುರುತಿಸಬಹುದು. ಸಾಲುಗಳು ಅಲ್ಲಲ್ಲಿ ತುಸು ಓರೆಯಾಗಿರುವುದೂ ಉಂಟು. ತುದಿಯ ಕುಚ್ಚು ಹಾಸಿನ ಎಳೆಗಳೇ ಮುಂದುವರಿದು ಆದದ್ದು. ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ, ಸಾಲುಗಳೆಲ್ಲ ಅಚ್ಚಿನಂತೆ ಒಂದೇ ಸಮನಾಗಿದ್ದರೆ ಅದು ಯಂತ್ರದ್ದಾಗಿರುವ ಸಂಭವ ಹೆಚ್ಚು. ಹಿಂಬದಿಗೆ ಅಂಟು ಬಳಿದು ಬಟ್ಟೆ ಹಚ್ಚಿದ್ದರೆ ಅದು ಬಟ್ಟೆಯೊಳಗೆ ನೂಲನ್ನು ಚುಚ್ಚಿ ತಯಾರಿಸಿದ 'ಟಫ್ಟೆಡ್' ಹಾಸು. ಅದರಲ್ಲಿಯೂ ಕೈಕೆಲಸವಿರಬಹುದು, ಆದರೆ ಅದು ಗಂಟಿನ ನೇಯ್ಗೆಯಲ್ಲ. ಅದರ ಬೆಲೆಯೂ ಅಷ್ಟಾಗಬಾರದು. ಕಿಲಿಂ ಮತ್ತು ಜಮಖಾನಗಳ ಎರಡು ಮುಖಗಳೂ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತವೆ; ಆಗಾಗ ಮಗುಚಿ ಹಾಸಿದರೆ ಸವೆತವೂ ಸಮನಾಗುತ್ತದೆ.

ಹಾಸಿನ ಮೇಲ್ಮೈ ಬಣ್ಣವನ್ನು ತೋರಿಸುತ್ತದೆ, ಹಿಂಬದಿ ಶ್ರಮವನ್ನು ತೋರಿಸುತ್ತದೆ. ಎರಡನ್ನೂ ನೋಡಿ ಬೆಲೆ ಕಟ್ಟುವ ಗ್ರಾಹಕನಿದ್ದಲ್ಲಿ ನೇಕಾರನ ಮಗ್ಗಕ್ಕೂ ಕೆಲಸವಿರುತ್ತದೆ.