ದುಡಿಮೆ ಹಳೆಯದು, ಮನ್ನಣೆ ತಡವಾಗಿ ಬಂದದ್ದು

‘ಹೆಣ್ಣುಮಕ್ಕಳು ಹೊಸ್ತಿಲು ದಾಟಿ ದುಡಿಯಲು ಹೊರಟದ್ದೇ ಇಪ್ಪತ್ತನೇ ಶತಮಾನದಲ್ಲಿ.’ ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಈ ಮಾತು ಹೇಳಿದರೆ ಅಲ್ಲಿನ ಅಜ್ಜಿಯರು ನಕ್ಕಾರು. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗ ಹಾಯ್ದು ಈ ಕಣಿವೆಗೆ ಹರಿಯಿತು. ಆ ನೀರು ಕಂಡ ಗದ್ದೆಗಳಲ್ಲಿ ಬಗ್ಗಿ ನಾಟಿ ಹಾಕಿದವರು, ಕಳೆ ಕಿತ್ತವರು ಹೆಂಗಸರು. ಬೋಡಿನಾಯಕನೂರಿನಲ್ಲಿ ಏಲಕ್ಕಿ ಆರಿಸುವವರು ಇಂದಿಗೂ ಹೆಚ್ಚಾಗಿ ಹೆಂಗಸರೇ: ಗಟ್ಟಿ ಹಸಿರು ಕಾಯಿ ಒಂದು ಕಡೆ, ಬಿರಿದದ್ದು, ಬಣ್ಣಗೆಟ್ಟದ್ದು ಇನ್ನೊಂದು ಕಡೆ. ದುಡಿಮೆ ಮೊದಲೇ ಇತ್ತು. ಪದವಿ, ಸನದು, ಕಾನೂನಿನ ರಕ್ಷಣೆ ಆಮೇಲೆ ಬಂದವು. ಬಂದದ್ದೂ ಎಲ್ಲರ ಪಾಲಿಗಲ್ಲ. 1934ರ ಮದ್ರಾಸ್ ಹೆರಿಗೆ ಸೌಲಭ್ಯ ಕಾಯ್ದೆ ಕಾರ್ಖಾನೆಯ ಹೆಂಗಸರಿಗೆ ದಕ್ಕಿತು, ಗದ್ದೆಯವರಿಗೆ ಇಲ್ಲ.

‘ಭಾರತದ ಮೊದಲ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ’ ಎಂಬುದೂ ಸರಿಯಲ್ಲ. ಅವರು ಮದ್ರಾಸಿನಲ್ಲಿ ಪದವಿ ಪಡೆದದ್ದು 1912ರಲ್ಲಿ. ಆನಂದಿಬಾಯಿ ಜೋಶಿ, ಕಾದಂಬಿನಿ ಗಂಗೂಲಿ 1886ರಲ್ಲೇ ವೈದ್ಯರಾಗಿದ್ದರು. ಇನ್ನು ಪದವಿ ಇದ್ದರೆ ವೃತ್ತಿಯೂ ಕೈಗೆ ಬಂತೆಂದು ತಿಳಿಯಬೇಡಿ. ಕಾನೂನು ಓದಿದ್ದ ರೆಜಿನಾ ಗುಹಾ ಅವರಿಗೆ ಹೆಣ್ಣೆಂಬ ಕಾರಣಕ್ಕೇ 1916ರಲ್ಲಿ ಕಲ್ಕತ್ತ ಹೈಕೋರ್ಟು ವಕೀಲಿಕೆ ನಿರಾಕರಿಸಿತು. ಆ ಅಡ್ಡಿ ತೆಗೆಯಲು 1923ರ ಕಾಯ್ದೆಯೇ ಬೇಕಾಯಿತು.

ದಿಂಡಿಗಲ್ ಕಡೆಯ ದೊಡ್ಡ ಹೆಸರು ಡಾ. ಸೌಂದರಂ. ಟಿ.ವಿ.ಎಸ್. ಮನೆತನದ ಈ ಬಾಲವಿಧವೆ ಹೆತ್ತವರ ಮಾತು ಮೀರಿ ಡಾಕ್ಟರಾದರು ಎಂಬ ಕಥೆ ಕೇಳಲು ಚೆನ್ನ, ಆದರೆ ನಿಜವಲ್ಲ. ಡಾಕ್ಟರಾಗಿದ್ದ ಗಂಡ ಪ್ಲೇಗಿಗೆ ಬಲಿಯಾದ ಮೇಲೆ ಮತ್ತೆ ಓದು ಎಂದು ಹುರಿದುಂಬಿಸಿದವರು ಹೆತ್ತವರೇ. ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಿಂದ 1936ರಲ್ಲಿ ಹೊರಬಿದ್ದಾಗ ಆಕೆಗೆ ಮೂವತ್ತು ದಾಟಿತ್ತು. ಮನೆಯವರು ತಿರುಗಿಬಿದ್ದದ್ದು ಆಮೇಲೆ, ಆಕೆ ಬೇರೆ ಜಾತಿಯ ಗಾಂಧಿವಾದಿ ಜಿ. ರಾಮಚಂದ್ರನ್ ಅವರನ್ನು ಮದುವೆಯಾಗಲು ಹೊರಟಾಗ. ಒಂದು ವರ್ಷ ದೂರವಿದ್ದು ನೋಡಿ ಎಂದರು ಗಾಂಧೀಜಿ. ಇಬ್ಬರ ಮನಸ್ಸೂ ಬದಲಾಗಲಿಲ್ಲ. 1940ರಲ್ಲಿ ಗಾಂಧೀಜಿಯೇ ಮುಂದೆ ನಿಂತು ಮದುವೆ ಮಾಡಿಸಿದರು. ಓದುವ ಮಗಳನ್ನು ಒಪ್ಪಿದ ಮನೆಗೂ ಮರುಮದುವೆಯಾಗುವ ಮಗಳು ಕಷ್ಟವೇ ಆದಳು!

ಈ ದಂಪತಿ ದಿಂಡಿಗಲ್ ಬಳಿ ಕಟ್ಟಿದ ಗಾಂಧಿಗ್ರಾಮ ಇಂದು ವಿಶ್ವವಿದ್ಯಾಲಯವಾದ್ದರಿಂದ ಮೊದಲಿನಿಂದಲೂ ಭಾರಿ ಸಂಸ್ಥೆಯೇ ಆಗಿತ್ತು ಎಂದುಕೊಂಡವರಿದ್ದಾರೆ. 1947ರಲ್ಲಿ ಚಿನ್ನಾಳಪಟ್ಟಿಯಲ್ಲಿ ಸೌಂದರಂ ತೆರೆದದ್ದು ಎರಡು ಹಾಸಿಗೆಯ ಹೆರಿಗೆ ಮನೆ. ಗಾಂಧಿಗ್ರಾಮದ ಕಸ್ತೂರಬಾ ಆಸ್ಪತ್ರೆ ಬೆಳೆದದ್ದು ಅದರಿಂದಲೇ.