ಹಳೇ ಜೀಪಿನ ಕ್ಲಚ್ ಕೆಟ್ಟಿದ್ದು ತಿಳಿಯುವುದು ಹೇಗೆ?



ಎರಡನೇ ಮಹಾಯುದ್ಧದಲ್ಲಿ ಓಡಿದ ವಿಲ್ಲಿಸ್ ಜೀಪನ್ನು ಮಹೀಂದ್ರಾದವರು 1940ರ ದಶಕದಲ್ಲೇ ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ನಮ್ಮ ಬಸರೀಕಟ್ಟೆ ಕಡೆಯ ಏರುದಾರಿಗೆ ಜೀಪೇ ಸರಿ. ಮಳೆಗಾಲದಲ್ಲಿ ರೋಗಿಯನ್ನು ಕೊಪ್ಪಕ್ಕೆ ಕರಕೊಂಡು ಹೋಗುವಾಗ ಏರಿನಲ್ಲಿ ಕ್ಲಚ್ ಕೈಕೊಟ್ಟರೆ ಏನು ಗತಿ?

ಇಂಜಿನ್ನಿನ ಫ್ಲೈವೀಲಿಗೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗುಗಳು ಒತ್ತಿ ಹಿಡಿದಿರುತ್ತವೆ. ಆಗ ಶಕ್ತಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಪೆಡಲ್ ತುಳಿದರೆ ಪ್ಲೇಟು ಬಿಡುತ್ತದೆ. ಎರಡು ಅಂಗೈ ಒತ್ತಿ ಹಿಡಿದು ಒಂದನ್ನು ತಿರುಗಿಸಿ, ಇನ್ನೊಂದೂ ತಿರುಗುತ್ತೆ. ಎಣ್ಣೆ ಹಚ್ಚಿದರೆ ಜಾರುತ್ತೆ. ಕ್ಲಚ್ಚೂ ಹಾಗೇ.

ಪೆಡಲನ್ನು ಕೈಯಲ್ಲಿ ಒತ್ತಿದರೆ ಮೊದಲು ಸುಮಾರು 1 ಇಂಚು ಸಡಿಲ ಇರಬೇಕು. ಇದಕ್ಕೆ ಪ್ಲೇ ಅಂತಾರೆ.

1. ಇಂಜಿನ್ ಕೂಗುತ್ತೆ, ಜೀಪು ಏರಲ್ಲ, ಸುಟ್ಟ ವಾಸನೆ: ಪ್ಲೇಟು ಜಾರುತ್ತಿದೆ. ಪ್ಲೇ ಇಲ್ಲದಿರಬಹುದು, ಪ್ಲೇಟು ಸವೆದಿರಬಹುದು, ಇಲ್ಲವೇ ಅದಕ್ಕೆ ಆಯಿಲ್ ತಾಗಿರಬಹುದು.
2. ಗೇರ್ ಹಾಕುವಾಗ ಕರಕರ ಶಬ್ದ: ಪ್ಲೇಟು ಪೂರ್ತಿ ಬಿಡುತ್ತಿಲ್ಲ. ಪ್ಲೇ ಜಾಸ್ತಿ ಆಗಿರಬಹುದು.
3. ಪೆಡಲ್ ತುಳಿದಾಗ ಮಾತ್ರ ಕಿರ್ರ್ ಶಬ್ದ: ರಿಲೀಸ್ ಬೇರಿಂಗ್ ಸವೆದಿರಬಹುದು.

ಮೊದಲು ನಟ್ಟು ತಿರುಗಿಸಿ ಪ್ಲೇ ಸರಿಮಾಡಬೇಕು. ಇದಕ್ಕೆ ಖರ್ಚಿಲ್ಲ. ಆದರೂ ಜಾರಿದರೆ ಗೇರ್‌ಬಾಕ್ಸ್ ಇಳಿಸಿ ಪ್ಲೇಟು ಬದಲಿಸಬೇಕು, ಅದು ಮೆಕ್ಯಾನಿಕರ ಕೆಲಸ. ಆಯಿಲ್ ಸೋರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಹೊಸ ಪ್ಲೇಟೂ ಹಾಳು.

ಏರಿನಲ್ಲಿ ಜೀಪು ನಿಲ್ಲಿಸಲು ಬ್ರೇಕ್ ಹಿಡಿಯಬೇಕು, ಅರ್ಧ ಕ್ಲಚ್ಚಲ್ಲಿ ನಿಲ್ಲಿಸಬಾರದು. ಸುಮ್ಮನೆ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬಾರದು. ಇಷ್ಟು ಮಾಡಿದರೆ ಪ್ಲೇಟು ಬಹಳ ದಿನ ಬಾಳುತ್ತದೆ.