ಅಜ್ಜನ ಸೊನ್ನೆ, ನನ್ನ ಸೊನ್ನೆ

ನಮ್ಮ ಮನೆ ಆಲೂರಿಂದ ಸಕಲೇಶಪುರಕ್ಕೆ ಹೋಗೋ ದಾರೀಲಿ, ಒಳಗಡೆ ಗುಡ್ಡದ ಮೇಲೆ. ಕಣದ ಪಕ್ಕ ಒಂದು ಮಳೆಮಾಪಕ ಇದೆ. ಅಜ್ಜ ದಿನಾ ಬೆಳಿಗ್ಗೆ ಅದನ್ನ ನೋಡಿ, ಎಷ್ಟು ಇಂಚು ಎಷ್ಟು ಸೆಂಟ್ ಅಂತ ಪುಸ್ತಕದಲ್ಲಿ ಬರೀತಾರೆ. ತೋಟದವರ ಲೆಕ್ಕದಲ್ಲಿ ಇಂಚಿಗೆ 100 ಸೆಂಟ್. ಮಳೆ ಬರದಿದ್ರೂ ಬಿಡಲ್ಲ, 0 ಅಂತ ಬರೀತಾರೆ. "ಮಳೆನೇ ಇಲ್ಲ, ಯಾಕಜ್ಜ ಬರೀತೀರ?" ಅಂತ ಒಂದ್ಸಲ ಕೇಳಿದ್ದೆ. "ಬರೀದೆ ಬಿಟ್ರೆ, ಮಳೆ ಬರ್ಲಿಲ್ವೋ ನಾನು ನೋಡ್ಲಿಲ್ವೋ ಅಂತ ಹೆಂಗ್ ಗೊತ್ತಾಗ್ಬೇಕು ಮಗ?" ಅಂದ್ರು.

ಈ ಮಾತು ನನಗೆ ಅರ್ಥ ಆಗಿದ್ದು ಒಂದು ಕ್ಲೌಡ್ ಬಿಲ್ ಬಂದ ಮೇಲೆ.

ನಮ್ಮ ಪ್ರಾಜೆಕ್ಟ್ ಟೀಮ್‌ಗೆ ಒಂದು ಕ್ಲೌಡ್ ಅಕೌಂಟ್ ಇತ್ತು. ಕಾರ್ಡ್ ಒಬ್ಬ ಸೀನಿಯರ್‌ದು. ಕೆಲಸ ಮುಗಿದ ಮೇಲೂ ಸರ್ವರ್ ಆಫ್ ಮಾಡದೆ ಬಿಡೋದು ಎಲ್ಲರ ಅಭ್ಯಾಸ, ಅದಕ್ಕೆ ಕಾವಲು ಕಾಯೋ ಜವಾಬ್ದಾರಿ ನನ್ನ ತಲೆಗೆ ಬಂತು. ದಿನಾ ಲಾಗಿನ್ ಆಗಿ ನೋಡೋಕೆ ಸೋಮಾರಿತನ. ಒಂದು ಶೆಲ್ ಸ್ಕ್ರಿಪ್ಟ್ ಬರೆದೆ.

ಶೆಲ್ ಸ್ಕ್ರಿಪ್ಟ್ ಅಂದ್ರೆ ದೊಡ್ಡ ವಿಷಯ ಏನಲ್ಲ. ಟರ್ಮಿನಲ್‌ನಲ್ಲಿ ಒಂದೊಂದಾಗಿ ಟೈಪ್ ಮಾಡೋ ಕಮಾಂಡ್‌ಗಳನ್ನೇ ಒಂದು ಫೈಲ್‌ನಲ್ಲಿ ಸಾಲಾಗಿ ಬರೆದಿಡೋದು. ನಾವು ಬಳಸೋ ಬ್ಯಾಷ್ ಬಂದಿದ್ದು 1989ರಲ್ಲಿ, ಬರೆದವರು ಬ್ರಯಾನ್ ಫಾಕ್ಸ್. ಕ್ಲೌಡ್ ಕಂಪನಿಗಳು ತಮ್ಮ ಸೇವೆಗಳಿಗೆ ಕಮಾಂಡ್ ಲೈನ್ ಟೂಲ್ ಕೊಡ್ತವೆ. ಹಾಗಾಗಿ ವೆಬ್‌ಸೈಟ್‌ನಲ್ಲಿ ಕ್ಲಿಕ್ ಮಾಡಿ ನೋಡೋದನ್ನೆಲ್ಲ ಸ್ಕ್ರಿಪ್ಟ್‌ನಿಂದ್ಲೂ ಕೇಳಬಹುದು. ಲಿನಕ್ಸ್‌ನ ಕ್ರಾನ್‌ಗೆ ಟೈಮ್ ಹೇಳಿಬಿಟ್ರೆ ದಿನಾ ಅದೇ ಹೊತ್ತಿಗೆ ಓಡಿಸುತ್ತೆ.

ನನ್ನ ಸ್ಕ್ರಿಪ್ಟ್ ಬೆಳಿಗ್ಗೆ 6ಕ್ಕೆ ಓಡ್ತಿತ್ತು. ಆನ್ ಇರೋ ಸರ್ವರ್‌ಗಳ ಪಟ್ಟಿ ತರಿಸಿ, ಆ ಪಟ್ಟೀನ ಪೈಪ್ ಮೂಲಕ ಎಣಿಸೋ ಕಮಾಂಡ್ ಡಬ್ಲ್ಯೂಸಿಗೆ ಕೊಟ್ಟು, ಬಂದ ಸಂಖ್ಯೆನ ಲಾಗ್ ಫೈಲ್‌ಗೆ ಬರೀತಿತ್ತು.

ಜುಲೈ ರಜೆ. ಮಳೆಗೆ ಮರ ಬಿದ್ದು ನಮ್ಮ ಕಡೆ ಫೈಬರ್ ಕಟ್ಟಾಯ್ತು. ಕರೆಂಟ್ ಎರಡು ದಿನಕ್ಕೆ ಬಂತು, ನೆಟ್ ಬರೋಕೆ ಒಂದು ವಾರ ಹಿಡೀತು. ಆಗಾಗ ಲಾಗ್ ತೆಗೆದು ನೋಡ್ತಿದ್ದೆ. 0, 0, 0. ನೆಟ್ ಇಲ್ಲ ಅಂತ ಗೊತ್ತಿದ್ರೂ ಆ ಸೊನ್ನೆ ನೋಡಿ ಸಮಾಧಾನ ಆಗ್ತಿತ್ತು. ನೆಟ್ ಬಂದ ದಿನ ಲಾಗ್‌ನಲ್ಲಿ 6 ಅಂತ ಬಂತು. ಯಾರೋ ಒಂದು ವಾರದ ಹಿಂದೆ ಆರು ದೊಡ್ಡ ಸರ್ವರ್ ಆನ್ ಮಾಡಿ ಮರೆತಿದ್ದರು. ಸೀನಿಯರ್‌ಗೆ ಫೋನ್ ಮಾಡಿ "ಅಣ್ಣ, ನಂದೇ ತಪ್ಪು" ಅಂದೆ. ಟೀಮ್‌ನವರೆಲ್ಲ ಸೇರಿ ದುಡ್ಡು ವಾಪಸ್ ಕೊಟ್ಟು ಮುಗಿಸೋಕೆ ಎರಡು ತಿಂಗಳು ಆಯ್ತು.

ನೆಟ್ ಇಲ್ಲದಾಗ ಸೊನ್ನೆ ಬಂದಿದ್ದು ಹೇಗೆ? ಮೊದಲನೇ ಕಮಾಂಡ್ ಫೇಲ್ ಆಯ್ತು, ಏನೂ ಪ್ರಿಂಟ್ ಮಾಡ್ಲಿಲ್ಲ. ಡಬ್ಲ್ಯೂಸಿ ಖಾಲಿ ಪಟ್ಟಿ ಎಣಿಸಿ, ಪ್ರಾಮಾಣಿಕವಾಗೇ 0 ಅಂತು. ಪೈಪ್‌ನಲ್ಲಿ ಕೊನೆ ಕಮಾಂಡ್ ಪಾಸ್ ಆದ್ರೆ ಇಡೀ ಸಾಲು ಪಾಸ್ ಅಂತ ಬ್ಯಾಷ್ ಲೆಕ್ಕ ಹಾಕುತ್ತೆ. ಎರರ್ ಮೆಸೇಜ್ ಕಿರಿಕಿರಿ ಅಂತ ಅದನ್ನ ಡೆವ್-ನಲ್‌ಗೆ ಕಳಿಸಿದವನು ನಾನೇ. ಅಜ್ಜನ ಸೊನ್ನೆ ನೋಡಿ ಬರೆದಿದ್ದು. ನನ್ನ ಸೊನ್ನೆ ನೋಡದೇ ಬರೆದಿದ್ದು.

ಅಜ್ಜನ ಪುಸ್ತಕ ಮತ್ತೆ ತೆಗೆದು ನೋಡಿದೆ. ಕೆಲವು ದಿನಕ್ಕೆ ಸಂಖ್ಯೆನೂ ಇಲ್ಲ, ಸೊನ್ನೆನೂ ಇಲ್ಲ, ಒಂದು ಗೆರೆ ಇದೆ. ಅವತ್ತು ಅವರು ಊರಲ್ಲಿ ಇರ್ಲಿಲ್ಲ. ಸ್ಕ್ರಿಪ್ಟ್‌ಗೂ ಬೇಕಾಗಿದ್ದು ಆ ಗೆರೆ.

ಈಗ ಮಾಡಿರೋ ಬದಲಾವಣೆ ಹೀಗಿದೆ. ಮೇಲ್ಗಡೆ 'ಸೆಟ್ ಮೈನಸ್ ಓ ಪೈಪ್‌ಫೇಲ್' ಅಂತ ಹಾಕಿದೀನಿ. ಪೈಪ್‌ನಲ್ಲಿ ಯಾವ ಕಮಾಂಡ್ ಬಿದ್ರೂ ಇಡೀ ಸಾಲು ಫೇಲ್ ಅಂತ ಗೊತ್ತಾಗುತ್ತೆ. ಫೇಲ್ ಆದ್ರೆ ಸೊನ್ನೆ ಬದಲು 'ನೋಡಕ್ಕಾಗ್ಲಿಲ್ಲ' ಅಂತ ಬರೆಯುತ್ತೆ. ಸ್ಕ್ರಿಪ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಇಲ್ಲ, ಯಾವಾಗ್ಲೂ ಆನ್ ಇರೋ ಮೆಷಿನ್‌ನಲ್ಲಿದೆ, ಯಾಕಂದ್ರೆ ಮೆಷಿನ್ ಆಫ್ ಇದ್ದಾಗ ತಪ್ಪಿಹೋದ ಕೆಲಸನ ಕ್ರಾನ್ ಆಮೇಲೆ ಮಾಡಲ್ಲ. ಏನೂ ಇಲ್ಲದ ದಿನವೂ ರಿಪೋರ್ಟ್ ಮೇಲ್ ಬಂದೇ ಬರ್ಬೇಕು. 6:15ಕ್ಕೆ ಮೇಲ್ ಬರ್ಲಿಲ್ಲ ಅಂದ್ರೆ ಅದೇ ಎಚ್ಚರಿಕೆ.

ನೀವೂ ಬರೆಯೋದಾದ್ರೆ ಇನ್ನೂ ಕೆಲವು ಕಡೆ ಸುಳ್ಳು ಸೊನ್ನೆ ಸಿಗುತ್ತೆ. ಎಡಬ್ಲ್ಯೂಎಸ್ ಉದಾಹರಣೆ ತಗೊಳ್ಳಿ. ಸರ್ವರ್ ಪಟ್ಟಿ ಕೇಳಿದ್ರೆ ಒಂದು ರೀಜನ್‌ದು ಮಾತ್ರ ಬರುತ್ತೆ. ನಮ್ಮ ದೇಶದಲ್ಲೇ ಎರಡಿವೆ, 2016ರಲ್ಲಿ ಶುರುವಾದ ಮುಂಬೈ ಮತ್ತು 2022ರ ಹೈದರಾಬಾದ್. ಮುಂಬೈ ಮಾತ್ರ ಕೇಳಿ 0 ಬಂದ್ರೆ ಹೈದರಾಬಾದ್‌ನಲ್ಲಿ ಇಲ್ಲ ಅಂತಲ್ಲ. ಎಲ್ಲ ರೀಜನ್‌ಗೂ ಲೂಪ್ ಹಾಕಿ, ಎಷ್ಟು ರೀಜನ್ ನೋಡಿದ್ದು ಅಂತ ರಿಪೋರ್ಟ್‌ನಲ್ಲೇ ಬರೀರಿ. ಸರ್ವರ್ ಸ್ಟಾಪ್ ಮಾಡಿದ್ರೂ ಡಿಸ್ಕ್‌ಗೆ ದುಡ್ಡು ಹೋಗ್ತಾನೇ ಇರುತ್ತೆ. ಪಬ್ಲಿಕ್ ಐಪಿವಿ4 ಅಡ್ರೆಸ್‌ಗೆ 2024ರ ಫೆಬ್ರವರಿ 1ರಿಂದ ಗಂಟೆಗೆ 0.005 ಡಾಲರ್, ಬಳಸಿದ್ರೂ ಬಿಟ್ರೂ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಹತ್ತು ಅಡ್ರೆಸ್ ಒಂದು ತಿಂಗಳು ಇದ್ರೆ 36 ಡಾಲರ್. ಇವನ್ನೂ ಎಣಿಸಿ. ಯಾವ ಯೂಸರ್‌ನ ಆಕ್ಸೆಸ್ ಕೀ ಯಾವಾಗ ಕೊನೆಗೆ ಬಳಕೆ ಆಯ್ತು ಅಂತ ಹೇಳೋ ಕ್ರೆಡೆನ್ಷಿಯಲ್ ರಿಪೋರ್ಟ್‌ನ್ನೂ ಸ್ಕ್ರಿಪ್ಟ್‌ನಲ್ಲೇ ತರಿಸಬಹುದು. ಪಾಸ್ ಔಟ್ ಆದ ಸೀನಿಯರ್‌ಗಳ ಕೀ ಇನ್ನೂ ಬದುಕಿರುತ್ತೆ, ನೋಡಿ.

ಇನ್ನೊಂದು ಮಾತು. ರಿಪೋರ್ಟ್ ಸ್ಕ್ರಿಪ್ಟ್‌ಗೆ ಓದೋ ಪರ್ಮಿಷನ್ ಮಾತ್ರ ಕೊಡಿ, ಡಿಲೀಟ್ ಮಾಡೋದು ಮನುಷ್ಯರ ಕೈಯಲ್ಲೇ ಇರಲಿ. ಕೀ ಸ್ಕ್ರಿಪ್ಟ್ ಒಳಗೆ ಬರೀಬೇಡಿ, ಗಿಟ್‌ಹಬ್‌ಗೆ ಹೋದ್ರೆ ಕಥೆ ಮುಗೀತು.

ಕೊನೆಗೆ ಒಂದು ಟೆಸ್ಟ್. ಸ್ಕ್ರಿಪ್ಟ್ ಬರೆದ ದಿನವೇ ವೈಫೈ ಆಫ್ ಮಾಡಿ ಅದನ್ನ ಓಡಿಸಿ. 0 ಅಂತ ಬಂದ್ರೆ ನಿಮ್ಮ ಸ್ಕ್ರಿಪ್ಟ್ ಇನ್ನೂ ಮುಗಿದಿಲ್ಲ. ನಾನು ಈ ಎರಡು ನಿಮಿಷದ ಕೆಲಸ ಮಾಡಿದ್ರೆ ಆ ಫೋನ್ ಕಾಲ್ ಮಾಡಬೇಕಾಗ್ತಿರಲಿಲ್ಲ.